ಮಣ್ಣಿನ ಅಮ್ಮ, ಕಲ್ಲಿನ ಅಮ್ಮ

ಶಿವಾರಪಟ್ಟಣಕ್ಕೆ ಹೋಗುವವರಲ್ಲಿ ಹೆಚ್ಚಿನವರು ದೇವರನ್ನು ಮಾಡಿಸುವುದಕ್ಕಾಗಿಯೇ ಹೋಗುವವರು. ಹೋದ ವರ್ಷ ನಾನೂ ಅದೇ ಕೆಲಸಕ್ಕೆ ಹೋಗಿದ್ದೆ. ಹೋಗುವಾಗ ಮನಸ್ಸಿನಲ್ಲಿ ಯಾವ ಸಂಶಯವೂ ಇರಲಿಲ್ಲ; ಬರುವಾಗ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಬಂದೆ. ವಿಗ್ರಹಕ್ಕೆ ಮುಂಗಡ ಕೊಟ್ಟಾಗಿತ್ತು, ರಸೀತಿ ಜೇಬಿನಲ್ಲಿತ್ತು. ಪ್ರಶ್ನೆಯನ್ನು ಯಾರಿಗೆ ಒಪ್ಪಿಸಿ ರಸೀತಿ ಪಡೆಯಬೇಕೋ ತಿಳಿಯದೆ ಈಗ ಓದುಗರ ಮುಂದೆ ಇಡುತ್ತಿದ್ದೇನೆ.

ವಿಷಯವಿಷ್ಟು. ಕೋಲಾರದ ಸೀಮೆಯಲ್ಲಿ ನಮ್ಮದೊಂದು ಹಳ್ಳಿ. ಅದನ್ನು ಬಿಟ್ಟು ಬೆಂಗಳೂರು ಸೇರಿ ನನಗೆ ನಲವತ್ತು ವರ್ಷ ಕಳೆದುವು. ಈಗ ಅಲ್ಲಿ ನಮ್ಮದೆಂದು ಉಳಿದಿರುವುದು ಎರಡು ಹುಣಸೆಯ ಮರ, ಮತ್ತು ವರ್ಷಕ್ಕೊಮ್ಮೆ ಬರುವ ಜಾತ್ರೆಯ ಚಂದಾಪಟ್ಟಿ. ಊರ ಹೊರಗೆ, ಕೆರೆಯೇರಿಯ ಕೆಳಗೆ, ಮಾರಮ್ಮನ ಗುಡಿ. ಗುಡಿಯೆಂದೊಡನೆ ಗೋಪುರ ಗರುಡಗಂಬಗಳನ್ನು ನೆನೆಯಬಾರದು. ಹಸಿ ಇಟ್ಟಿಗೆಯ ನಾಲ್ಕು ಗೋಡೆ, ಮೇಲೆ ನಾಡಹೆಂಚು, ತಲೆ ಬಗ್ಗಿಸಿ ಹೋಗಬೇಕಾದ ಬಾಗಿಲು. ದಿನನಿತ್ಯ ಒಳಗಿರುವುದು ಅರಿಸಿನ ಬಳಿದ ಒಂದು ಗುಂಡುಕಲ್ಲು ಮಾತ್ರ. ಅಮ್ಮ ಬರುವುದು ಜಾತ್ರೆಗೆ, ಬರುವುದು ಕೆರೆಯಿಂದ. ಕೆರೆಯಂಗಳದ ಜೇಡಿಮಣ್ಣನ್ನು ತಂದು, ಕಲ್ಲು ಬೇರುಗಳನ್ನು ಆರಿಸಿ, ನೆನೆಹಾಕಿ, ತುಳಿದು ಹದಮಾಡಿ, ಕುಂಬಾರರ ಮನೆಯವರು ಸೊಂಟದೆತ್ತರದ ವಿಗ್ರಹವನ್ನು ಮಾಡುತ್ತಾರೆ. ಕಣ್ಣು ಬರೆಯುವುದು ಕೊನೆಗೆ. ಮೂರು ದಿನ ದೀಪ, ತಂಬಿಟ್ಟು, ಮೊರೆ, ಹರಕೆ. ನಾಲ್ಕನೆಯ ದಿನ ತಮಟೆಯ ಸದ್ದಿನೊಡನೆ ಮತ್ತೆ ಕೆರೆಗೆ. ಬಂದಲ್ಲಿಗೆ ಹೋದಳು ಎನ್ನುತ್ತಾರೆ, ಯಾರೂ ಅಳುವುದಿಲ್ಲ.

ಗೋಡೆಗಳದೂ ಹೆಚ್ಚು ಕಡಮೆ ಇದೇ ಕಥೆ. ಮಳೆಗಾಲ ಗುಡಿಯನ್ನು ಒಂದಿಷ್ಟು ತಿನ್ನುತ್ತದೆ. ಜಾತ್ರೆಗೆ ಹದಿನೈದು ದಿನ ಮುಂಚೆ ಕೆಮ್ಮಣ್ಣಿಗೆ ಹೊಟ್ಟು ಸಗಣಿ ಸೇರಿಸಿ ತುಳಿದು, ಮಳೆ ತಿಂದ ಕಡೆಯಲ್ಲೆಲ್ಲ ಮೆತ್ತಿ, ಸಾರಿಸಿ, ಒಣಗಿದ ಮೇಲೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಾರೆ. ಎಷ್ಟು ಮಳೆ ತಿಂದಿತೋ ಅಷ್ಟನ್ನು ಕೈ ಹಿಂದಕ್ಕೆ ಕೊಡುತ್ತದೆ. ಈ ಗುಡಿಗೆ ಎಷ್ಟು ವಯಸ್ಸು ಎಂದು ಕೇಳಿದರೆ ಏನು ಹೇಳಬೇಕು? ಮುನ್ನೂರು ವರ್ಷ ಎನ್ನುವುದೂ ನಿಜವಿರಬಹುದು, ಹನ್ನೊಂದು ತಿಂಗಳು ಎನ್ನುವುದೂ ನಿಜ.

2021ರ ನವೆಂಬರಿನಲ್ಲಿ ನಮ್ಮ ಸೀಮೆಗೆ ಹಿಂದೆಂದೂ ಕಾಣದಂಥ ಮಳೆ ಬಂದಿತು. ಬರವೆಂದರೆ ಕೋಲಾರ ಎಂದು ಗಾದೆಯಂತೆ ಆಡುತ್ತಿದ್ದವರು ಕೋಡಿ ಬಿದ್ದ ಕೆರೆಗಳನ್ನು ನೋಡುವುದಕ್ಕೆ ಹೊರಟರು. ಆ ಮಳೆಯಲ್ಲಿ ಮಾರಮ್ಮನ ಗುಡಿಯ ಬಡಗಣ ಗೋಡೆ ಕುಳಿತುಹೋಯಿತು. ಒಂದೆರಡು ವರ್ಷ ತಗಡು ಮರೆಮಾಡಿ ಜಾತ್ರೆ ನಡೆಸಿದರು. ಆಮೇಲೆ ಸಮಿತಿಯಾಯಿತು, ಸಭೆಯಾಯಿತು, ತೀರ್ಮಾನವಾಯಿತು: ಕಲ್ಲಿನ ಗುಡಿ, ಕಲ್ಲಿನ ಅಮ್ಮ. ಒಮ್ಮೆ ಮಾಡಿಬಿಟ್ಟರೆ ಸಾವಿರ ವರ್ಷ ನೋಡಬೇಕಾದ್ದಿಲ್ಲ ಎಂದು ಒಬ್ಬರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಪೇಟೆಯಲ್ಲಿರುವವನು, ನಾಲ್ಕು ಪುಸ್ತಕ ಓದಿದವನು ಎಂದು ವಿಗ್ರಹ ಮಾಡಿಸುವ ಕೆಲಸವನ್ನು ನನಗೆ ವಹಿಸಿದರು. ಓದಿದ ಪುಸ್ತಕಗಳಿಗೂ ಈ ಕೆಲಸಕ್ಕೂ ಏನು ಸಂಬಂಧವೋ ಆಗ ಯಾರೂ ಕೇಳಲಿಲ್ಲ.

ಮಾಲೂರಿನ ದಾರಿಯಲ್ಲಿ ಹೋದವರಿಗೆ ಗೊತ್ತು: ಆ ಊರು ಹೆಂಚಿಗೆ, ಇಟ್ಟಿಗೆಗೆ ಹೆಸರಾದದ್ದು. ಗೂಡುಗಳ ಹೊಗೆಕೊಳವೆಗಳು ದೂರಕ್ಕೇ ಕಾಣುತ್ತವೆ. ಮಣ್ಣನ್ನು ಬೇಯಿಸಿ ಗಟ್ಟಿಮಾಡುವ ಊರನ್ನು ದಾಟಿ, ಕಲ್ಲನ್ನು ಕೆತ್ತಿ ಮೃದುಮಾಡುವ ಊರಿಗೆ ಹೋಗಬೇಕು. ಶಿವಾರಪಟ್ಟಣವನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ಹಿಂದೆ ಅದು ಉಳಿಯ ಸದ್ದಾಗಿತ್ತಂತೆ. ಈಗ ಉಳಿಯ ಜೊತೆಗೆ ಕರೆಂಟಿನ ಕಟರಿನ ಕಿರುಚಾಟವೂ ಸೇರಿದೆ. ಮನೆಯ ಮುಂದೆ, ಬೀದಿಯ ಬದಿಯಲ್ಲಿ, ತಗಡಿನ ಚಪ್ಪರದ ಕೆಳಗೆ ಅರೆಬರೆ ದೇವರುಗಳು. ಹೊಟ್ಟೆ ಮಾತ್ರ ಮೂಡಿರುವ ಗಣಪತಿ, ಮುಖ ಬಾರದ ಆಂಜನೇಯ, ಬೆನ್ನು ಬಂಡೆಯಲ್ಲೇ ಸಿಕ್ಕಿಕೊಂಡಿರುವ ನಂದಿ. ಕೆಲಸ ಮಾಡುವವರ ರೆಪ್ಪೆ, ಹುಬ್ಬು, ತಲೆಗೂದಲೆಲ್ಲ ಕಲ್ಲಿನ ಹಿಟ್ಟಿನಿಂದ ಬೆಳ್ಳಗಾಗಿ, ಎಳೆಯ ಹುಡುಗರೂ ಮುದುಕರಂತೆ ಕಾಣುತ್ತಿದ್ದರು. ಆ ಹಿಟ್ಟು ರೆಪ್ಪೆಯಲ್ಲಷ್ಟೇ ನಿಲ್ಲುವುದಿಲ್ಲ, ಎದೆಯೊಳಕ್ಕೂ ಇಳಿಯುತ್ತದೆ. ಸಾವಿರ ವರ್ಷ ಬಾಳುವ ವಿಗ್ರಹಕ್ಕೆ ತನ್ನ ಆಯುಸ್ಸಿನಲ್ಲೊಂದು ಪಾಲನ್ನು ಕೊಡುವ ಮನುಷ್ಯ ಯಾರೆಂದು ಗುಡಿಗೆ ಹೋಗುವ ನಾವು ಕೇಳಿದವರಲ್ಲ.

ನಾನು ಕಂಡ ಶಿಲ್ಪಿ ಅರವತ್ತರ ಮೇಲಿನವರು. ಮಾತು ಕಡಮೆ. ನಾನು ಬಂದ ಕೆಲಸ ಹೇಳಿದೆ.

“ಮಾರಮ್ಮ ಎಂದರೆ, ಸ್ವಾಮಿ, ಎಷ್ಟು ಕೈ?” ಎಂದರು.

ನನಗೆ ತಿಳಿಯದು. ಎರಡು ಕೈಯ ಅಮ್ಮನನ್ನು ಕಂಡ ನೆನಪು. ನಾಲ್ಕು ಕೈ ಇದ್ದ ವರ್ಷವೂ ಉಂಟು.

“ಕೂತಿದ್ದಾಳೋ, ನಿಂತಿದ್ದಾಳೋ?”

ಅದೂ ಒಂದೊಂದು ವರ್ಷ ಒಂದೊಂದು ಬಗೆ.

“ಧ್ಯಾನಶ್ಲೋಕ ಏನಾದರೂ ಉಂಟೇ?”

“ಇಲ್ಲ, ಆಚಾರ್ರೇ. ಹಳ್ಳಿಯ ಅಮ್ಮ. ಅವಳಿಗೆ ಶ್ಲೋಕ ಎಲ್ಲಿಂದ ಬರಬೇಕು?”

ಅವರು ನಗಲಿಲ್ಲ. “ಮಣ್ಣಿನಲ್ಲಾದರೆ ವರ್ಷ ವರ್ಷವೂ ಬೇರೆ ಮಾಡಬಹುದು, ಸ್ವಾಮಿ. ಕಲ್ಲಿನಲ್ಲಿ ಒಂದೇ ಸಲ. ನೀವು ಊರಿನವರು ಕೂತು, ಅಮ್ಮ ಹೇಗಿದ್ದಾಳೆ ಎಂದು ಒಂದು ತೀರ್ಮಾನಕ್ಕೆ ಬಂದು ಹೇಳಿ” ಎಂದರು.

ಅಮ್ಮ ಹೇಗಿದ್ದಾಳೆ ಎಂಬ ಪ್ರಶ್ನೆಯನ್ನು ನಮ್ಮ ಊರು ಇಷ್ಟು ಕಾಲವೂ ಕೇಳಿಕೊಂಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಒಂದು ವರ್ಷ ಮುಖ ಉಗ್ರವಾಗಿರುತ್ತಿತ್ತು. ಮಳೆ ಹೋದ ವರ್ಷವೋ, ಮಕ್ಕಳಿಗೆ ಅಮ್ಮ ಎದ್ದ ವರ್ಷವೋ ಇರಬೇಕು. ಇನ್ನೊಂದು ವರ್ಷ ಪಕ್ಕದ ಮನೆಯ ಅತ್ತೆಯಂತೆ ಇರುತ್ತಿದ್ದಳು. ಮಾಡುವ ಕೈ ಬದಲಾದಾಗ ಮೂಗೂ ಬದಲಾಗುತ್ತಿತ್ತು. ಆದರೂ ಅವಳೇ ಅವಳು ಎಂಬುದರಲ್ಲಿ ಯಾರಿಗೂ ಅನುಮಾನ ಬಂದದ್ದಿಲ್ಲ. ಕಲ್ಲು ಮೊದಲ ದಿನವೇ ನಮ್ಮಿಂದ ಒಂದು ತೀರ್ಮಾನವನ್ನು ಕೇಳುತ್ತದೆ. ಮುಂದೆ ಹುಟ್ಟುವವರ ಪರವಾಗಿಯೂ ನಾವೇ ತೀರ್ಮಾನ ಮಾಡಬೇಕೆನ್ನುತ್ತದೆ.

ಶಿಲ್ಪಿಗಳು ಕಲ್ಲನ್ನು ತೋರಿಸಿದರು. ತಟ್ಟಿದರೆ ಗಂಟೆಯಂತೆ ನುಡಿಯುವುದು ಗಂಡುಕಲ್ಲು, ತಾಳದಂತೆ ನುಡಿಯುವುದು ಹೆಣ್ಣುಕಲ್ಲು, ಸದ್ದೇ ಕೊಡದ್ದು ಎರಡೂ ಅಲ್ಲದ್ದು, ಅದು ತಳಪಾಯಕ್ಕೆ. ಶಿಲ್ಪಶಾಸ್ತ್ರದ ಈ ಮಾತನ್ನು ನಾನು ಓದಿದ್ದೆ. ಕಿವಿಯಿಂದ ಕೇಳಿದ್ದು ಅಂದೇ. ಅಮ್ಮನಿಗೆ ಆರಿಸಿದ್ದು ಕೃಷ್ಣಶಿಲೆ. “ಅಕಸ್ಮಾತ್ ಎಲ್ಲಾದರೂ ಮುಕ್ಕಾದರೆ?” ಎಂದು ಕೇಳಿದೆ. ಕೇಳಿದ್ದು ಖರೀದಿ ಮಾಡುವವನ ಎಚ್ಚರದಿಂದ, ಬೇರೇನಲ್ಲ.

“ಭಿನ್ನವಾದದ್ದು ಪೂಜೆಗೆ ಬರುವುದಿಲ್ಲ. ನೀರಿಗೆ ಬಿಡಬೇಕು. ಬೇರೆ ಮಾಡಿಸಬೇಕು” ಎಂದರು.

ಕಲ್ಲು ಶಾಶ್ವತವೆಂದು ಚಪ್ಪಾಳೆ ತಟ್ಟಿದ್ದೆವಲ್ಲ! ಶಾಶ್ವತವಾದದ್ದಕ್ಕೆ ಒಂದು ಬೆರಳು ಮುರಿದರೂ ಗತಿಯಿಲ್ಲ. ಮಣ್ಣಿನ ಅಮ್ಮನಿಗೆ ಜಾತ್ರೆಯ ಎರಡನೆಯ ದಿನವೇ ಕೆನ್ನೆ ಬಿರುಕು ಬಿಡುತ್ತಿತ್ತು. ಕುಂಬಾರರ ಅಜ್ಜಿ ಹೆಬ್ಬೆಟ್ಟನ್ನು ನೀರಿನಲ್ಲಿ ಅದ್ದಿ ಒಮ್ಮೆ ಸವರಿದರೆ ಸಾಕು, ಬಿರುಕು ಮುಚ್ಚುತ್ತಿತ್ತು. ಮಂಗಳಾರತಿ ನಿಲ್ಲುತ್ತಲೂ ಇರಲಿಲ್ಲ. ವಾಸಿಮಾಡಿಕೊಳ್ಳುವ ಶಕ್ತಿಯಿರುವುದು ಯಾವುದಕ್ಕೆ, ಗಟ್ಟಿಯಾದದ್ದಕ್ಕೋ ಮೆತ್ತಗಿರುವುದಕ್ಕೋ? ಮಾಲೂರಿನ ಕಡೆ ಹಿಂತಿರುಗುವಾಗ ತಲೆಯಲ್ಲಿ ಹೊಕ್ಕ ಹುಳು ಇದು.

ಇಲ್ಲಿ ಒಂದು ಮಾತು. ಸ್ಥಾವರವನ್ನು ಹಳಿದು ಜಂಗಮವನ್ನು ಹೊಗಳುವುದಕ್ಕೆ ಕನ್ನಡಿಗನಾದವನಿಗೆ ಬಸವಣ್ಣನವರ ವಚನ ಕೈಗೆ ಎಟಕುವಂತೆಯೇ ಇದೆ. ಲೇಖನ ಬರೆಯುವವರು ಅದನ್ನು ಉಪಯೋಗಿಸಿ ಉಪಯೋಗಿಸಿ ಸವೆಸಿದ್ದೇವೆ. ಆ ಮಾತಿನ ಎತ್ತರ ಬೇರೆ. ಗೋಡೆಗೆ ಮಣ್ಣು ಮೆತ್ತುವ ನನ್ನ ಸಣ್ಣ ವಿಚಾರಕ್ಕೆ ಅದನ್ನು ಕೆಳಗಿಳಿಸುವುದು ಬೇಡ. ಶಾಸ್ತ್ರವೂ ಮಣ್ಣನ್ನು ಹೊರಗಿಟ್ಟಿಲ್ಲ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಎಂಟು ಬಗೆಯ ಪ್ರತಿಮೆಗಳನ್ನು ಹೇಳಿದೆ. ಕಲ್ಲು, ಮರ, ಲೋಹ, ರತ್ನಗಳ ಜೊತೆಗೆ ಬಳಿದು ಮಾಡಿದ್ದು, ಬರೆದದ್ದು, ಮರಳಿನದು, ಕೊನೆಗೆ ಬರಿಯ ಮನಸ್ಸಿನಲ್ಲಿ ಮಾಡಿಕೊಂಡದ್ದು ಕೂಡ ಅದರಲ್ಲಿ ಸೇರಿವೆ. ರತ್ನವನ್ನೂ ಮರಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಪುಣ್ಯಾತ್ಮನಿಗೆ ನಮಸ್ಕಾರ.

ಆದರೆ ಅರಸರ ಮನಸ್ಸು ಯಾವಾಗಲೂ ಕಲ್ಲಿನ ಕಡೆಗೇ. ಪಲ್ಲವ ಮೊದಲನೆಯ ಮಹೇಂದ್ರವರ್ಮ ಏಳನೆಯ ಶತಮಾನದ ಆರಂಭದಲ್ಲಿ ಮಂಡಗಪಟ್ಟಿನ ಬಂಡೆಯಲ್ಲಿ ಗುಹೆ ಕೊರೆಸಿ, ಇಟ್ಟಿಗೆಯಿಲ್ಲದೆ, ಮರವಿಲ್ಲದೆ, ಲೋಹವಿಲ್ಲದೆ, ಗಾರೆಯಿಲ್ಲದೆ ತ್ರಿಮೂರ್ತಿಗಳಿಗೆ ಮನೆ ಮಾಡಿದೆನೆಂದು ಬರೆಸಿದ್ದಾನೆ. ಇಲ್ಲಗಳ ಆ ಪಟ್ಟಿಯಲ್ಲೇ ಅವನ ಹೆಮ್ಮೆಯಿದೆ. ಅಷ್ಟು ದೂರವೇಕೆ, ನಮ್ಮ ಕೋಲಾರದಲ್ಲೇ ನಡೆದದ್ದಿದೆ. ಕೋಲಾರಮ್ಮನ ಗುಡಿಯನ್ನು ಈಗ ಕಂಡವರು ಅದು ಮೊದಲಿನಿಂದಲೂ ಕಲ್ಲಿನದೇ ಎಂದುಕೊಳ್ಳುತ್ತಾರೆ. ಅಲ್ಲಿನ ತಮಿಳು ಶಾಸನ ಹೇಳುವುದು ಬೇರೆ. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ, ರಾಜೇಂದ್ರ ಚೋಳನ ಅಪ್ಪಣೆಯಂತೆ, ಅವನ ಅಧಿಕಾರಿ ಉತ್ತಮಚೋಳ ಬ್ರಹ್ಮಮಾರಾಯ ಪಿಡಾರಿಯ ಆ ಗುಡಿಯ ಇಟ್ಟಿಗೆಯ ಭಾಗಗಳನ್ನು ಕಲ್ಲಿನಲ್ಲಿ ಕಟ್ಟಿಸಿದ. ಅಂದರೆ ನಮ್ಮ ಸಮಿತಿಯ ತೀರ್ಮಾನ ಸಾವಿರ ವರ್ಷದ ಹಿಂದೆ ಇದೇ ಜಿಲ್ಲೆಯಲ್ಲಿ ಒಮ್ಮೆ ಆಗಿಹೋಗಿದೆ. ಕಟ್ಟಿಸಿದವನ ಹೆಸರು ಇಂದಿಗೂ ಇದೆ, ಏಕೆಂದರೆ ಅವನು ಕಟ್ಟಿಸಿದ್ದು ಕಲ್ಲು, ಕಲ್ಲಿನ ಮೇಲೆ ಹೆಸರು ನಿಲ್ಲುತ್ತದೆ. ಅದಕ್ಕೆ ಮುಂಚೆ ಇಟ್ಟಿಗೆಯಲ್ಲಿ ಕಟ್ಟಿದವರು ಯಾರು? ಅವರ ವಿಷಯ ಶಾಸನದಲ್ಲಿ ಉಳಿದಿರುವುದು ಒಂದೇ ಪದ: ಇಟ್ಟಿಗೆ.

ಬ್ರಹ್ಮಮಾರಾಯ ಮಾಡಿದ್ದು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಅವನು ಕಟ್ಟಿಸದಿದ್ದರೆ ಆ ಶಾಸನವೂ ಇರುತ್ತಿರಲಿಲ್ಲ, ನನಗೆ ಈ ಸಂಗತಿಯೂ ತಿಳಿಯುತ್ತಿರಲಿಲ್ಲ. ಕಲ್ಲನ್ನು ದೂರುವುದಕ್ಕೂ ಕಲ್ಲೇ ಸಾಕ್ಷಿ ಹೇಳಬೇಕಾಯಿತು.

ಮಣ್ಣು ಎಷ್ಟು ಎತ್ತರಕ್ಕೆ ಏರಬಹುದೆಂಬುದನ್ನು ನಾನು ಕಂಡದ್ದು ಒಂದು ಚಿತ್ರದಲ್ಲಿ. ಶಿವಾರಪಟ್ಟಣದಿಂದ ಬಂದ ವಾರವೇ, ಬೇರೇನನ್ನೋ ಹುಡುಕುತ್ತ ಒಂದು ಪುಸ್ತಕ ತೆರೆದರೆ, ನಮ್ಮ ಮಾರಮ್ಮನ ಗುಡಿಯ ಬಡಗಣ ಗೋಡೆಯೇ ಪರ್ವತವಾಗಿ ನಿಂತಂತೆ ಒಂದು ಕಟ್ಟಡ ಕಣ್ಣಿಗೆ ಬಿದ್ದಿತು. ಮಳೆ ತಿಂದ ಅದೇ ಅಂಚು, ಅದೇ ಬಣ್ಣ. ಅದು ಸುಡಾನಿನ ಉತ್ತರಭಾಗದಲ್ಲಿ, ನೈಲ್ ನದಿಯ ಪೂರ್ವಕ್ಕೆ, ಕೆರ್ಮಾ ಎಂಬ ಊರಿನಲ್ಲಿದೆ. ಪಡುವಣ ದಫೂಫಾ ಎಂದು ಹೆಸರು. ಸುಮಾರು 50 ಮೀಟರ್ ಉದ್ದ, 25 ಮೀಟರ್ ಅಗಲ. ಈಗ ಉಳಿದಿರುವ ಎತ್ತರವೇ ಸುಮಾರು 18 ಮೀಟರ್. ಎಲ್ಲವೂ ಮಣ್ಣಿಟ್ಟಿಗೆ. ಒಳಗೆ ವಿಶಾಲವಾದ ಅಂಕಣವೇನೂ ಇಲ್ಲ. ಬಹುಪಾಲು ಗಟ್ಟಿಯಾದ ಇಟ್ಟಿಗೆಯ ರಾಶಿ, ಅದರ ನಡುವೆ ಮೇಲಕ್ಕೆ ಏರುವ ಮೆಟ್ಟಿಲು, ಒಂದೆರಡು ಸಣ್ಣ ಕೋಣೆ. ಕ್ರಿಸ್ತಪೂರ್ವ 2500ರಿಂದ 1500ರವರೆಗೆ ಅಲ್ಲಿ ಬಾಳಿದ ನೂಬಿಯಾದ ಒಂದು ರಾಜ್ಯದವರು ತಮ್ಮ ದೇವರಿಗಾಗಿ ಇದನ್ನು ಕಟ್ಟಿದರು. ಒಂದೇ ಸಲಕ್ಕಲ್ಲ, ಹಳೆಯದರ ಮೇಲೆ, ಹಳೆಯದರ ಸುತ್ತ, ಮತ್ತೆ ಮತ್ತೆ ಇಟ್ಟಿಗೆ ಕೊಟ್ಟು ಬೆಳೆಸಿದರು. ನೆರೆಯ ಈಜಿಪ್ಟಿನಲ್ಲಿ ಅರಮನೆಗಳು ಮಣ್ಣಿಟ್ಟಿಗೆಯವಾಗಿದ್ದುವು, ದೊಡ್ಡ ದೇವಾಲಯಗಳಿಗೆ ಕಲ್ಲು ಮೀಸಲಾಗಿತ್ತು. ಕೆರ್ಮಾದವರು ಅರಸನಿಗೂ ದೇವರಿಗೂ ಒಂದೇ ಮಣ್ಣು ಎಂದರು.

ಇದನ್ನು 1913ರಿಂದ 1916ರವರೆಗೆ ಅಗೆದವರು ಅಮೆರಿಕದ ಜಾರ್ಜ್ ರೈಸ್ನರ್. ಸಾಮಾನ್ಯರಲ್ಲ, ಅಗೆತದ ಕೆಲಸಕ್ಕೆ ಶಿಸ್ತು ತಂದವರು, ಕಂಡದ್ದನ್ನೆಲ್ಲ ಬರೆದಿಟ್ಟವರು. ಅಂಥವರು ಈ ಕಟ್ಟಡವನ್ನು ಕಂಡು, ಇದು ಈಜಿಪ್ಟಿನವರ ಕೋಟೆ, ವ್ಯಾಪಾರದ ಠಾಣ್ಯ ಎಂದು ತೀರ್ಮಾನಿಸಿದರು. ಪಕ್ಕದ ಸ್ಮಶಾನದ ದೊಡ್ಡ ದಿಬ್ಬದಲ್ಲಿ ಈಜಿಪ್ಟಿನ ಒಬ್ಬ ಅಧಿಕಾರಿಯ ಮತ್ತು ಅವನ ಹೆಂಡತಿಯ ಕಲ್ಲಿನ ಪ್ರತಿಮೆಗಳು ಸಿಕ್ಕಿದ್ದುವು. ಆದ್ದರಿಂದ ಅಲ್ಲಿ ಆಳಿದವನು, ಸತ್ತು ಮಲಗಿದವನು ಅವನೇ ಎಂದರು. ಇಷ್ಟು ದೊಡ್ಡದನ್ನು ಆ ಕರಿಯ ಜನ ಕಟ್ಟಿರಬಹುದೆಂಬುದು ಅವರ ಕಾಲದ ವಿದ್ವಾಂಸರ ಮನಸ್ಸಿಗೆ ಹೊಳೆಯುವ ಮಾತಾಗಿರಲಿಲ್ಲ. 1970ರ ದಶಕದಿಂದ ಅಲ್ಲಿ ಕೆಲಸಮಾಡಿದ ಸ್ವಿಟ್ಜರ್ಲೆಂಡಿನ ಶಾರ್ಲ್ ಬೊನೆ ಹಲವು ದಶಕ ಅಗೆದು ತೋರಿಸಿದ್ದು ಬೇರೆ: ಅದೊಂದು ದೇವಾಲಯ, ಸುತ್ತಲೂ ಒಂದು ಪಟ್ಟಣ, ಕಟ್ಟಿದವರು ಅಲ್ಲಿಯವರೇ. ಕಲ್ಲಿನ ಪ್ರತಿಮೆಗಳು ಈಜಿಪ್ಟಿನಿಂದ ಆಮೇಲೆ ಬಂದ ಸರಕು, ಬಹುಶಃ ಕೊಳ್ಳೆ. ಅಳೆದು, ಎಣಿಸಿ, ಬರೆದಿಟ್ಟ ಮನುಷ್ಯನಿಗೆ ಹದಿನೆಂಟು ಮೀಟರ್ ಎತ್ತರದ ಮಣ್ಣಿಗಿಂತ ಒಂದೆರಡು ಕಲ್ಲಿನ ಬೊಂಬೆ ಹೆಚ್ಚು ಮಾತಾಡಿತು!

ರೈಸ್ನರನನ್ನು ನೋಡಿ ನಗುವುದು ಸುಲಭ. ನಗುತ್ತಿದ್ದಂತೆಯೇ ನನಗೆ ಸಭೆಯ ಚಪ್ಪಾಳೆ ನೆನಪಾಯಿತು. ಕುಂಬಾರರ ಮನೆಯವರು ತಲೆತಲಾಂತರದಿಂದ ಅಮ್ಮನನ್ನು ಮಾಡುತ್ತ ಬಂದಿದ್ದಾರೆ. ಆದರೆ ನಮ್ಮ ಊರಿನಲ್ಲಿ ವಿಗ್ರಹವೇ ಇಲ್ಲ ಎಂದು ಸಮಿತಿಯ ಪತ್ರದಲ್ಲಿ ಬರೆದಿದ್ದೆವು. ಬರೆದವನು ನಾನೇ. ಉಳಿಯದ್ದನ್ನು ಇಲ್ಲವೆಂದು ಎಣಿಸುವುದಕ್ಕೆ ಅಮೆರಿಕದಿಂದ ಬರಬೇಕಾಗಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಮಣ್ಣಿನ ಸ್ತೋತ್ರವಾಗುತ್ತಿತ್ತು. ಮಾಲಿ ದೇಶದ ಜೆನ್ನೆ ಪಟ್ಟಣದಲ್ಲಿ 1907ರಲ್ಲಿ ಮತ್ತೆ ಕಟ್ಟಿದ ಮಣ್ಣಿನ ಮಸೀದಿಗೆ ಊರಿಗೆ ಊರೇ ಸೇರಿ ವರ್ಷ ವರ್ಷವೂ ಹೊಸದಾಗಿ ಮಣ್ಣು ಮೆತ್ತುವುದನ್ನು ವರ್ಣಿಸಿ, ಪುರಿಯಲ್ಲಿ ಮರದ ಜಗನ್ನಾಥ ಹಳೆಯ ಮೈ ಬಿಟ್ಟು ಹೊಸ ಮೈ ತಳೆಯುವುದನ್ನು—ಕಡೆಯ ಸಲ ಆದದ್ದು 2015ರಲ್ಲಿ—ಪಕ್ಕದಲ್ಲಿಟ್ಟು, ನಶ್ವರವಾದದ್ದೇ ಮನುಷ್ಯರನ್ನು ಒಟ್ಟುಗೂಡಿಸುತ್ತದೆ ಎಂದು ಮುಗಿಸಿಬಿಡಬಹುದಿತ್ತು. ಹಾಗೆ ಒಂದು ಸಲ ಬರೆದೂ ಬರೆದಿದ್ದೆ, ಹರಿದುಹಾಕಿದೆ. ಕಾರಣವೆರಡು.

ಒಂದು, ಕೆರ್ಮಾದ ದಿಬ್ಬಗಳು. ಅರಸ ಸತ್ತಾಗ ಅವನೊಡನೆ ಮಣ್ಣಿಗೆ ಹೋದವರು ಒಬ್ಬಿಬ್ಬರಲ್ಲ. ದೊಡ್ಡ ದಿಬ್ಬಗಳಲ್ಲಿ ಜೊತೆಗೆ ಬಲಿಯಾದವರ ಎಲುಬುಗಳು ನೂರರ ಲೆಕ್ಕದಲ್ಲಿ ಸಿಕ್ಕಿವೆ. ಮಣ್ಣಿನ ದೇವಾಲಯವನ್ನು ಕಟ್ಟಿದ ಕೈಗಳೇ ಇದನ್ನೂ ಮಾಡಿದುವು. ಮೆತ್ತಗಿರುವ ಮಣ್ಣು ಮನುಷ್ಯನನ್ನು ಮೆತ್ತಗೆ ಮಾಡುತ್ತದೆಂದು ನಂಬುವಂತಿಲ್ಲ.

ಇನ್ನೊಂದು ಕಾರಣ ಮನೆಯಲ್ಲೇ ಸಿಕ್ಕಿತು. ನನ್ನ ತಾತನವರು ಆ ಊರಿನ ಶಾನುಭೋಗರು. ಅವರ ಕಡತಗಳಲ್ಲಿ ಒಂದೆರಡು ಇನ್ನೂ ನಮ್ಮ ಅಟ್ಟದಲ್ಲಿವೆ. ಹುಡುಕಿದಾಗ ಮಾರಮ್ಮನ ಜಾತ್ರೆಯ ವಿವರವಿದ್ದ ಒಂದು ಹಾಳೆ ಸಿಕ್ಕಿತು. ಯಾರು ಮಣ್ಣು ಅಗೆಯಬೇಕು, ಯಾರು ಹೊರಬೇಕು, ಯಾರು ತುಳಿಯಬೇಕು, ಯಾರು ಮೆತ್ತಬೇಕು, ಯಾರಿಗೆ ಎಷ್ಟು ಕೊಳಗ ರಾಗಿ—ಎಲ್ಲ ಮುತ್ತಿನಂಥ ಅಕ್ಷರದಲ್ಲಿ. ತುಳಿಯುವವರು ಕೇರಿಯವರು. ಅವರ ಮುಂದೆ ರಾಗಿಯ ಲೆಕ್ಕವಿಲ್ಲ, ‘ವಾಡಿಕೆಯಂತೆ’ ಎಂದಿದೆ. ವಾಡಿಕೆ ಏನೆಂದರೆ ಏನೂ ಇಲ್ಲ. ಚಿಕ್ಕಂದಿನಲ್ಲಿ ನಾನೇ ಕಂಡದ್ದು ನೆನಪಿದೆ: ಮೊಣಕಾಲುದ್ದ ಕೆಸರಿನಲ್ಲಿ ಅವರು ಹಾಡು ಹೇಳುತ್ತ ಮಣ್ಣು ತುಳಿಯುತ್ತಿದ್ದರು. ಆ ಮಣ್ಣು ಗೋಡೆಯಾಗಿ ಒಣಗಿದ ಮೇಲೆ ಅವರು ಆ ಗೋಡೆಯ ಒಳಗೆ ಬರುವಂತಿರಲಿಲ್ಲ. ಏರಿಯ ಮೇಲೆ ನಿಂತು ಕೈ ಮುಗಿಯುತ್ತಿದ್ದರು. ಊರೆಲ್ಲ ಸೇರಿ ಗುಡಿಗೆ ಮಣ್ಣು ಕೊಡುತ್ತದೆ ಎಂದು ಮೇಲೆ ನಾನು ಹೇಳದಿದ್ದರೂ, ಹೇಳಿದಂತೆ ಓದುಗರಿಗೆ ಅನಿಸಿರಬಹುದು. ನಮ್ಮ ಮನೆಯವರು ಒಂದು ಬುಟ್ಟಿ ಮಣ್ಣು ಹೊತ್ತದ್ದಿಲ್ಲ. ನಾವು ಕೊಟ್ಟದ್ದು ಲೆಕ್ಕ.

ಆಗ ನನಗೆ ನಾಚಿಕೆಯಾಯಿತು. ನಲವತ್ತು ವರ್ಷದಿಂದ ಸಿಮೆಂಟಿನ ಮನೆಯಲ್ಲಿ ಕುಳಿತು, ಬೇರೆಯವರ ಮೊಣಕಾಲಿನ ಕೆಸರನ್ನು ಸಂಸ್ಕೃತಿಯೆಂದು ಉಳಿಸಿಕೊಳ್ಳಿರೆನ್ನುವ ಅಧಿಕಾರ ನನಗೆ ಎಲ್ಲಿಂದ ಬಂತು? ಕಲ್ಲಿನ ಗುಡಿಗೆ ಕೂಲಿ ಕೊಟ್ಟು ಕೆಲಸ ಮಾಡಿಸುತ್ತಾರೆ. ಅಲ್ಲಿ ವಾಡಿಕೆಯಿಲ್ಲ, ಬಟವಾಡೆಯಿದೆ. ಕಲ್ಲಿನ ಬಾಗಿಲಲ್ಲಿ ಇಂಥವರು ಹೊರಗೆ ಎನ್ನುವ ಧೈರ್ಯವೂ ಇಂದು ಸಮಿತಿಗೆ ಇಲ್ಲ, ಕಾನೂನಿನ ಭಯದಿಂದಲಾದರೂ.

ಕುಂಬಾರರ ಮನೆಗೂ ಹೋದೆ. ಅಜ್ಜಿಗೆ ಎಂಬತ್ತರ ಹತ್ತಿರ. ಮೊಮ್ಮಗ ನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸದಲ್ಲಿದ್ದಾನೆ. ಅವನು ಮುಚ್ಚುಮರೆಯಿಲ್ಲದೆ ಹೇಳಿದ: “ಕಲ್ಲಿಂದು ಬರಲಿ, ಸಾರ್. ಜಾತ್ರೆಗೆ ಹದಿನೈದು ದಿನ ರಜ ಯಾರು ಕೊಡ್ತಾರೆ? ಅಜ್ಜಿಗೆ ಕೈ ಆಗಲ್ಲ. ನಾನು ಮಾಡದೆ ಹೋದರೆ ಊರಿಗೇನಾದರೂ ಆದರೆ ನಮ್ಮ ಮೇಲೆ ಬರುತ್ತೆ.” ಅವನ ಮಾತಿನಲ್ಲಿ ನ್ಯಾಯವಿತ್ತು. ಮಾಡುವ ಹಕ್ಕೆಂದು ನಾನು ಕರೆದದ್ದು ಅವನಿಗೆ ತಪ್ಪಿಸಿಕೊಳ್ಳಲಾಗದ ಹೊರೆ.

ಅಜ್ಜಿ ಎಲ್ಲವನ್ನೂ ಕೇಳುತ್ತ ಕುಳಿತಿದ್ದಳು. ಅವಳ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಕಡೆ ಹಾಗೆಯೇ. “ಕಲ್ಲಮ್ಮ ಬರಲಿ, ಸಾಮಿ, ಒಳ್ಳೇದೇ. ಬಂದ ಮೇಲೆ ಜಾತ್ರೆ ದಿವಸ ನಾನು ಏನು ತಕ್ಕೊಂಡು ಬರಲಿ?” ಎಂದಳು.

ಹಣ್ಣುಕಾಯಿ ತರಬಹುದಲ್ಲ ಅಜ್ಜಿ ಎನ್ನುವ ಮಾತು ನನ್ನ ನಾಲಗೆಯವರೆಗೆ ಬಂದಿತ್ತು. ಎಲ್ಲರೂ ತರುವುದು ಅದನ್ನೇ. ಅವಳು ಇಷ್ಟು ವರ್ಷವೂ ತಂದದ್ದು ದೇವರನ್ನು. ಬಿಡುಗಡೆಯನ್ನು ಕೊಡುವಾಗ ನಾವು ಕಿತ್ತುಕೊಳ್ಳುವುದೂ ಒಂದು ಇರುತ್ತದೆ; ಎರಡೂ ಒಂದೇ ಕೈಯಿಂದ ನಡೆಯುವುದರಿಂದ ಕೊಟ್ಟದ್ದಷ್ಟೇ ನಮಗೆ ಕಾಣುತ್ತದೆ. ಮೊಮ್ಮಗನಿಗೆ ಬೇಕಾದದ್ದು ರಜ, ಅಜ್ಜಿಗೆ ಬೇಕಾದದ್ದು ಕೆಲಸ. ಒಂದೇ ಮನೆ, ಒಂದೇ ಮಣ್ಣು. ಯಾರ ಕಡೆ ನ್ಯಾಯ ಎಂದು ಆ ದಿನ ಕೇಳಿದ್ದರೆ ಇಬ್ಬರ ಕಡೆಯೂ ಎನ್ನುತ್ತಿದ್ದೆ, ಇವತ್ತೂ ಅದನ್ನೇ ಎನ್ನುತ್ತೇನೆ. ಹೇಡಿತನದ ಉತ್ತರವೆಂದು ಕೆಲವರಿಗೆ ತೋರಬಹುದು.

ಶಿಲ್ಪಿಗಳಿಗೆ ಫೋನು ಮಾಡಿ, ಊರಿನವರು ಯಾವ ತೀರ್ಮಾನಕ್ಕೂ ಬಂದಿಲ್ಲವೆಂದು ತಿಳಿಸಿದೆ. ಇದುವರೆಗೆ ಮಾಡುತ್ತಿದ್ದವರು ಯಾರು ಎಂದು ಕೇಳಿದರು. ಹೇಳಿದೆ. “ಹಾಗಾದರೆ ನನಗೆ ಏಕೆ ಕೇಳುತ್ತೀರಿ, ಸ್ವಾಮಿ? ಆ ತಾಯಿ ಮುಖ ಒಂದು ಮಾಡಿಕೊಡಲಿ. ಅದನ್ನು ನೋಡಿಕೊಂಡು ನಾನು ಮಾಡುತ್ತೇನೆ” ಎಂದರು. ಇಷ್ಟು ಸರಳವಾದ ಮಾತು ಸಮಿತಿಯ ಹನ್ನೊಂದು ಜನರಲ್ಲಿ ಒಬ್ಬರಿಗೂ, ನಾಲ್ಕು ಪುಸ್ತಕ ಓದಿದ ನನಗೂ ಹೊಳೆದಿರಲಿಲ್ಲ.

ಅಜ್ಜಿ ಮೂರು ದಿನ ತೆಗೆದುಕೊಂಡಳು. ಮುಖ ಮಾತ್ರ. ಒದ್ದೆಬಟ್ಟೆ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಾನೇ ಬಂದಳು. ಮಾಲೂರಿನ ಇಟ್ಟಿಗೆಗೂಡುಗಳನ್ನು ಕಂಡು, ಎಷ್ಟೊಂದು ಮಣ್ಣು, ಒಂದಕ್ಕೂ ಕಣ್ಣಿಲ್ಲವಲ್ಲ ಎಂದಳು. ಶಿವಾರಪಟ್ಟಣ 
ಮುಟ್ಟಿ ಬಟ್ಟೆ ಬಿಚ್ಚಿದಾಗ ಗಲ್ಲದ ಹತ್ತಿರ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಅಜ್ಜಿ ನೀರು ಕೇಳಿದಳು. ಶಿಲ್ಪಿಗಳು ಕಟರನ್ನು ನಿಲ್ಲಿಸಿ, ಉಳಿ ಹದಮಾಡಲು ಇಟ್ಟುಕೊಂಡಿದ್ದ ಬೋಗುಣಿಯ ನೀರನ್ನೇ ಮುಂದಿಟ್ಟರು. ಅವಳು ಹೆಬ್ಬೆಟ್ಟು ಅದ್ದಿ ಸವರಿದಳು. ಅವರು ಬಗ್ಗಿ ನೋಡಿದರು, ಮುಖವನ್ನಲ್ಲ, ಹೆಬ್ಬೆಟ್ಟನ್ನು. “ಕಲ್ಲಿನಲ್ಲಿ ಈ ಕೆಲಸ ಬರುವುದಿಲ್ಲ, ತಾಯಿ” ಎಂದರು. ಹೊರಡುವಾಗ ಅಜ್ಜಿ ಒಂದು ಷರತ್ತು ಹಾಕಿದಳು: ನೋಡಿಕೊಂಡಾದ ಮೇಲೆ ಮುಖವನ್ನು ಹಿಂದಕ್ಕೆ ಕಳಿಸಬೇಕು, ಅದು ಕೆರೆಗೆ ಹೋಗಬೇಕು, ಇಲ್ಲಿ ಒಣಗಬಾರದು. ಅವರು ಆಗಲಿ ಎಂದರು.

ಈ ನಡುವೆ ಕೆರ್ಮಾದ ವಿಷಯ ಆಗಾಗ ನೆನಪಿಗೆ ಬರುತ್ತದೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿತು. ರಾಜಧಾನಿ ಖಾರ್ತೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಕೊಳ್ಳೆಹೋಯಿತು. ಹೊತ್ತೊಯ್ಯಬಹುದಾದದ್ದನ್ನು ಹೊತ್ತೊಯ್ದರು. ಹದಿನೆಂಟು ಮೀಟರಿನ ಮಣ್ಣಿನ ರಾಶಿಯನ್ನು ಯಾವ ಕಳ್ಳ ತಾನೇ ಹೊರುತ್ತಾನೆ, ಯಾವ ಸಂತೆಯಲ್ಲಿ ಮಾರುತ್ತಾನೆ?

ಅಮ್ಮನ ಕೆಲಸ ಮುಗಿಯುತ್ತ ಬಂದಿದೆ. ಕಣ್ಣು ತೆರೆಯುವುದು ಪ್ರತಿಷ್ಠೆಯ ದಿನ. ಗುಡಿಯ ಬಾಗಿಲ ಬಲಕ್ಕೆ ಒಂದು ಕಲ್ಲು ನಿಲ್ಲಿಸಿ ಸೇವಾಕರ್ತರ ಹೆಸರು ಕೆತ್ತಿಸಬೇಕೆಂದು ಸಮಿತಿ ಗೊತ್ತುಮಾಡಿದೆ. ಕರಡು ನನಗೆ ಬಂದಿದೆ. ಹಣ ಕೊಟ್ಟವರ ಹೆಸರುಗಳು, ಹಣದ ಇಳಿಕೆಯ ಕ್ರಮದಲ್ಲಿ. ನನ್ನದು ಮೂರನೆಯದು. ಅಜ್ಜಿಯ ಹೆಸರನ್ನೂ, ಮಣ್ಣು ತುಳಿಯುತ್ತಿದ್ದ ಕೇರಿಯ ಮನೆಗಳ ಹೆಸರನ್ನೂ ಸೇರಿಸಬೇಕೆಂದು ಬರೆದು ಕಳಿಸಿದೆ. ಅವರು ಕೊಟ್ಟದ್ದು ಎಷ್ಟೆಂದು ಬರೆಯಬೇಕು ಎಂದು ಕಾರ್ಯದರ್ಶಿಗಳು ಕೇಳಿದ್ದಾರೆ. ಕೇಳಿದ್ದರಲ್ಲಿ ಕೊಂಕೇನೂ ಇಲ್ಲ. ಪಟ್ಟಿಯಲ್ಲಿ ಆ ಅಂಕಣವನ್ನು ಖಾಲಿ ಬಿಡುವಂತಿಲ್ಲವಂತೆ. ತಾತನವರ ಹಾಳೆಯನ್ನು ಮತ್ತೆ ತೆಗೆದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಸಭೆ ಬರುವ ಭಾನುವಾರ.